ಬಾಗಿಲ ಹತ್ತಿರದ ರೇನ್‌ಕೋಟ್

ಜೂನ್ 21, ಶುಕ್ರವಾರ

ಮಳೆಗಾಲದ ಮೂರನೇ ಒಗಟಿನ ಹಾಳೆ ಮಡಚಿ ಮುಗಿಯಿತು. ಜೆರಾಕ್ಸ್ ಯಂತ್ರದ ಪುಡಿ ಬೆರಳಿಗೆಲ್ಲ. ಕೈ ತೊಳೆಯದೆ ಮೂಗು ಮುಟ್ಟಿಕೊಂಡಿದ್ದೆ ಅಂತ ಕಾಣುತ್ತದೆ, ಐದನೇ ತರಗತಿ ಇಡೀ ಬಿದ್ದು ಬಿದ್ದು ನಕ್ಕಿತು. ನಗಲಿ.

ಇವತ್ತಿನ ಮೊದಲ ಲೆಕ್ಕ: ಸೂರಿನಲ್ಲಿ ಎರಡು ಕಡೆ ಸೋರಿಕೆ. ಒಂದರಿಂದ ಬಕೆಟ್ ತುಂಬಲು ಇಪ್ಪತ್ತು ನಿಮಿಷ, ಇನ್ನೊಂದರಿಂದ ಮೂವತ್ತು. ಎರಡೂ ಸೋರಿಕೆ ಒಂದೇ ಬಕೆಟ್‌ಗೆ ಬಿದ್ದರೆ? ಕೊನೆಯ ಬೆಂಚಿನವನು ‘ಐವತ್ತು’ ಅಂದ. ಪಕ್ಕದವಳು, ಹಾಗಾದ್ರೆ ಸೂರಿಗೆ ಇನ್ನೊಂದು ತೂತು ಮಾಡಿದ್ರೆ ಬಕೆಟ್ ತುಂಬೋದೇ ಇಲ್ಲ ಬಿಡು, ಅಂದಳು. ಅವನು ತಲೆ ಕೆರೆದುಕೊಂಡು ಮತ್ತೆ ಕೂತ. ಇಡೀ ವಾರ ಇದಕ್ಕಾಗಿಯೇ ಬದುಕುತ್ತೇನೆ.

ಶುಕ್ರವಾರದ ಕೊನೆಯ ಪೀರಿಯಡ್. ಯಾರಿಗೂ ಬೇಡವಾದದ್ದು, ಹಾಗಾಗಿ ನನಗೆ ಸಿಕ್ಕಿತು. ನಾನು ಲೈಬ್ರರಿಯಲ್ಲಿ ಪುಸ್ತಕಕ್ಕೆ ನಂಬರ್ ಅಂಟಿಸುವವಳು, ಟೆಂಪರರಿ. ಟೀಚರ್ ಅಲ್ಲ. ಆದ್ದರಿಂದ ಕ್ಲಾಸ್ ಮಿಸ್ ಕೂಡ ಕೋಣೆಯಲ್ಲಿ ಕೂರಬೇಕೆಂಬ ನಿಯಮ. ಕೂರುತ್ತಾರೆ, ಮುಖ ಗಂಟು ಹಾಕಿಕೊಂಡು.

ಹಾಳೆಯ ಕೊನೆಯ ಪುಟ ಖಾಲಿ. ಬೇರೆ ಪುಸ್ತಕಗಳಲ್ಲಿ ಅಲ್ಲಿ ಉತ್ತರ ಇರುತ್ತದೆ — ಸಣ್ಣ ಅಕ್ಷರದಲ್ಲಿ, ತಲೆಕೆಳಗಾಗಿ, ಕಳ್ಳಮಾಲಿನ ಹಾಗೆ. ನನ್ನ ಹಾಳೆಯಲ್ಲಿ ಇಲ್ಲ. ಇರುವುದೂ ಇಲ್ಲ. ಉತ್ತರದ ಪುಟ ಕೊಡುವುದೆಂದರೆ ಮಗುವಿನ ಕೈಗೆ ಯೋಚನೆಯ ಬದಲು ಅಪ್ಪಣೆ ಕೊಟ್ಟಂತೆ. ಹಳೆ ಪುಸ್ತಕದ ಅಂಗಡಿಯಲ್ಲಿ ಸಿಕ್ಕ ಹಳದಿ ರಟ್ಟಿನ ಕಿರುಹೊತ್ತಿಗೆಯಲ್ಲಿ ಓದಿದ್ದು, ಆದರೆ ಅದಕ್ಕೂ ಮೊದಲೇ ನನಗೆ ಗೊತ್ತಿತ್ತು ಅನಿಸುತ್ತದೆ.

ಮನೆಗೆ ಬಂದರೆ ಭಾವ ಬಾಗಿಲಲ್ಲೇ ನಿಂತು ಅಕ್ಕನಿಗೆ, ನನಗೆ ತಾವಿಟ್ಟ ಅಡ್ಡಹೆಸರಿನಲ್ಲೇ: “ಬಂದ್ಳು ನೋಡು ಕ್ರಾಂತಿ. ಮೂಗಿಗೂ ಮಸಿ ಬಳ್ಕೊಂಡು ಬಂದಿದ್ದಾಳೆ.”

ಜೂನ್ 25, ಮಂಗಳವಾರ

ಕ್ಲಾಸ್ ಮಿಸ್ ಲೈಬ್ರರಿಗೆ ಬಂದರು. ಮೊದಲ ಸಲ. ಕಪಾಟಿನ ಪುಸ್ತಕಗಳನ್ನು ನೋಡುವ ಹಾಗೆ ಮಾಡಿದರು. ಆಮೇಲೆ, ಗುರುವಾರವೇ ತಮ್ಮ ಕೈಗೆ ಕೊಡುವ ಹಾಳೆಯ ಜೊತೆ ಉತ್ತರಗಳನ್ನೂ ಕೊಡಲು ಆಗುತ್ತದೆಯೇ ಎಂದು ಕೇಳಿದರು. ಮಕ್ಕಳಿಗಲ್ಲ, ತಮಗೆ ಮಾತ್ರ.

ಆಗುವುದಿಲ್ಲ ಎಂದೆ. ಉತ್ತರಗಳನ್ನು ನಾನು ಬರೆದೇ ಇಡುವುದಿಲ್ಲ ಎಂದೆ. ನಿಜವೂ ಹೌದು. ಬರೆದಿಟ್ಟರೆ ಯಾರಾದರೂ ಕೇಳುತ್ತಾರೆ, ಕೇಳಿದರೆ ಕೊಡಬೇಕಾಗುತ್ತದೆ. ಜೊತೆಗೆ ಇನ್ನೊಂದು ಮಾತೂ ಸೇರಿಸಿದೆ — ಮಕ್ಕಳ ಜೊತೆ ಕೂತು ಯೋಚಿಸಿ ಮಿಸ್, ಅವರಿಗಿಂತ ಮೊದಲೇ ಗೊತ್ತಿರಬೇಕು ಅನ್ನೋದು ಹಳೇ ಕಾಲದ ಗತ್ತು.

ಅವರು ಕೈಯಲ್ಲಿದ್ದ ಪುಸ್ತಕವನ್ನು ತಪ್ಪು ಸಾಲಿಗೆ ಸೇರಿಸಿ ಹೋದರು. ಸೋಮಾರಿತನಕ್ಕೆ ಎಷ್ಟು ಮರ್ಯಾದೆಯ ವೇಷ!

ಜುಲೈ 2, ಮಂಗಳವಾರ

ಹೆಡ್‌ಮಿಸ್ ಕರೆದರು. ಮೇಜಿನ ಮೇಲೆ ಹೊಳೆಯುವ ರಟ್ಟಿನ ಪುಸ್ತಕ. ಒಂದು ಕಂಪನಿಯದು. ‘ಋತುಮಾನದ ಗಣಿತ ಮತ್ತು ತರ್ಕ.’ ಪುಟಪುಟಕ್ಕೂ ಬಣ್ಣ. ಚಳಿಗಾಲದ ಅಧ್ಯಾಯದಲ್ಲಿ ಹಿಮದ ಗೊಂಬೆಗಳು, ಜಾರುಬಂಡಿಗಳು. ನಮ್ಮ ಮಕ್ಕಳಲ್ಲಿ ಒಬ್ಬರೂ ಹಿಮ ಕಂಡವರಲ್ಲ, ಫ್ರಿಜ್ಜಿನಲ್ಲಿ ಬಿಟ್ಟು. ಹಿಂದೆ ಹದಿನಾರು ಪುಟ ಉತ್ತರ.

ನಾನು ಹಿಮದ ವಿಷಯ ಹೇಳಿದೆ. ಹೆಡ್‌ಮಿಸ್ ತಾಳ್ಮೆಯಿಂದ ಕೇಳಿದರು. ಆಮೇಲೆ ಕನ್ನಡಕ ತೆಗೆದು ಒರೆಸಿದರು — ಅವರು ಕನ್ನಡಕ ಒರೆಸಿದರೆ ಮಾತು ಮುಗಿಯಿತು ಎಂದರ್ಥ. ಆಗಸ್ಟ್ ಕೊನೆಗೆ ನಿರ್ಧಾರ. ನನ್ನ ಹಾಳೆಗಳು ಕೆಲಸಕ್ಕೆ ಬರುತ್ತವೆ ಅನಿಸಿದರೆ ಪೀರಿಯಡ್ ನನಗೇ. ಇಲ್ಲದಿದ್ದರೆ ಪುಸ್ತಕ ಬರುತ್ತದೆ, ನಾನು ನಂಬರ್ ಅಂಟಿಸಿಕೊಂಡು ಇರಬಹುದು.

ಬಿಡುವುದಿಲ್ಲ. ಏನಾದರಾಗಲಿ, ಬಿಡುವುದಿಲ್ಲ.

ಜುಲೈ 12, ಶುಕ್ರವಾರ

ಇವತ್ತಿನದು ಅತ್ಯುತ್ತಮ ಹಾಳೆ. ನಾಲ್ಕನೆಯ ಒಗಟು ನನ್ನ ಹೆಮ್ಮೆ:

ಕಾರಿಡಾರಿನ ಗೋಡೆಯಲ್ಲಿ ಸಾಲಾಗಿ ನಾಲ್ಕು ಹುಕ್ಕು. ಸಾಲಿನ ಒಂದು ತುದಿಯಲ್ಲಿ ಬಾಗಿಲು. ಒಂದೊಂದು ಹುಕ್ಕಿನಲ್ಲಿ ಒಂದೊಂದು ರೇನ್‌ಕೋಟ್. ಕೆಂಪು ಕೋಟಿನ ಒಂದು ಪಕ್ಕ ಹಳದಿ, ಇನ್ನೊಂದು ಪಕ್ಕ ನೀಲಿ. ಹಸಿರು ಇರುವುದು ನೀಲಿಯ ಪಕ್ಕದಲ್ಲೇ. ಬಾಗಿಲಿಗೆ ಎಲ್ಲಕ್ಕಿಂತ ಹತ್ತಿರ ಯಾವ ಕೋಟು?

ಅರ್ಧ ತರಗತಿ ಹಳದಿ. ಅರ್ಧ ತರಗತಿ ಹಸಿರು. ಕಿಟಕಿ ಕಡೆಯ ಬೆಂಚು, ಗೋಡೆ ಕಡೆಯ ಬೆಂಚು ಎಂದು ಪಕ್ಷಗಳೇ ಆದವು. ಕ್ಲಾಸ್ ಮಿಸ್ ಕೆಂಪು ಪೆನ್ನು ಹಿಡಿದು ಹಸಿರಿನವರಿಗೆಲ್ಲ ತಪ್ಪು ಹಾಕುತ್ತಾ ಬಂದರು. ಗಲಾಟೆ ಮೇಲಿನ ಮಹಡಿಗೆ ಕೇಳಿಸಿರಬೇಕು. ತಿರುಗಿ ನೋಡಿದರೆ ಬಾಗಿಲಲ್ಲಿ ಹೆಡ್‌ಮಿಸ್. “ಉತ್ತರ ಯಾವುದಮ್ಮ?”

ನಾನು ಯಾವತ್ತೂ ಹೇಳುವುದಿಲ್ಲ. ಇವತ್ತು ಹೇಳಿದೆ. ಆಗಸ್ಟ್ ನೆನಪಾಯಿತು, ಹೊಳೆಯುವ ರಟ್ಟು ನೆನಪಾಯಿತು… “ಹಳದಿ. ಅನುಮಾನವೇ ಇಲ್ಲ. ಹಸಿರು ಅಂದವರು ಸರಿಯಾಗಿ ಓದಿಲ್ಲ.”

ಹೆಡ್‌ಮಿಸ್ ತಲೆಯಾಡಿಸಿ ಹೋದರು. ಹಳದಿ ಪಕ್ಷ ಬೆಂಚು ಕುಟ್ಟಿತು.

ಮುಂದಿನ ಬೆಂಚಿನಲ್ಲಿ ಒಬ್ಬಳಿದ್ದಾಳೆ. ಎಲ್ಲರೂ ಅವಳನ್ನು ರಬ್ಬರ್ ಅಂತಲೇ ಕರೆಯುವುದು. ಬರೆದದ್ದಕ್ಕಿಂತ ಅಳಿಸಿದ್ದೇ ಹೆಚ್ಚು. ಇವತ್ತು, ಅಪರೂಪಕ್ಕೆ, ಅಳಿಸದೆ ಬರೆದಿದ್ದಳು. ಹಸಿರು, ದೊಡ್ಡ ಅಕ್ಷರದಲ್ಲಿ. ನನ್ನ ಮಾತು ಕೇಳಿದವಳೇ ತಲೆ ತಗ್ಗಿಸಿ ಅಳಿಸಿ, ಹಳದಿ ಎಂದು ಬರೆದಳು. ಮಿಸ್ ಅವಳ ಬೆಂಚಿಗೆ ಬರುವ ಮುಂಚೆಯೇ.

ನೋಡಿ ಸಂಕಟವಾಯಿತು. ಆದರೆ ಸರಿ ಸರಿಯೇ.

ಜುಲೈ 13, ಶನಿವಾರ

ಅರ್ಧ ದಿನ. ಮಕ್ಕಳು ಹೋದ ಮೇಲೆ ಬಣ್ಣದ ಕಾಗದದಲ್ಲಿ ನಾಲ್ಕು ಕೋಟು ಕತ್ತರಿಸಿದೆ. ಹಸಿರಿನವರಿಗೆ ತಮ್ಮ ತಪ್ಪು ಎಲ್ಲಿದೆ ಎಂದು ಕಣ್ಣಿಗೆ ಕಾಣಬೇಕು, ಬಾಯಿಮಾತು ಸಾಲದು. ಕಾರಿಡಾರಿನ ಹುಕ್ಕುಗಳಿಗೇ ತೂಗುಹಾಕಿದೆ. ಬಾಗಿಲಿನಿಂದ: ಹಳದಿ, ಕೆಂಪು, ನೀಲಿ, ಹಸಿರು. ಚೆಂದ.

ಈಗ ಅವರ ಸಾಲು. ಬಾಗಿಲಿನಿಂದ: ಹಸಿರು, ನೀಲಿ, ಕೆಂಪು, ಹಳದಿ. ಎಲ್ಲಿ ಮುರಿದು ಬೀಳುತ್ತದೆ ಎಂದು ನೋಡಲು ನಿಂತೆ.

ಕೆಂಪಿನ ಒಂದು ಪಕ್ಕ ಹಳದಿ, ಇನ್ನೊಂದು ಪಕ್ಕ ನೀಲಿ. ಹೌದು.

ಹಸಿರು ನೀಲಿಯ ಪಕ್ಕ. ಹೌದು.

ಮುರಿಯುವುದಿಲ್ಲ.

ಅಟೆಂಡರ್ ಬಂದು, ಬೀಗ ಹಾಕ್ಬೇಕಮ್ಮ ಎಂದು ಎರಡು ಸಲ ಹೇಳಿದರಂತೆ. ನಾನು ಗೋಡೆಯನ್ನೇ ನೋಡುತ್ತಿದ್ದೆ. ಇಡೀ ಒಗಟಿನಲ್ಲಿ ಪಕ್ಕ, ಪಕ್ಕ, ಪಕ್ಕ. ಬಾಗಿಲು ಯಾವ ತುದಿಗೆ ಎಂದು ಒಂದು ಸುಳಿವೂ ಹೇಳುವುದಿಲ್ಲ. ಬರೆಯುವಾಗ ನನ್ನ ತಲೆಯಲ್ಲಿ ಬಾಗಿಲು ಎಡಕ್ಕಿತ್ತು, ಅಷ್ಟೇ. ಉತ್ತರವನ್ನು ಒಂದು ಸಲವಾದರೂ ಕಾಗದದ ಮೇಲೆ ಬರೆದು ಪರೀಕ್ಷಿಸಿದ್ದರೆ —

ಆಗಸ್ಟ್ 4, ಭಾನುವಾರ

ಮೂರು ಶುಕ್ರವಾರ ಕಳೆದವು. ಹಾಳೆ ಕೊಟ್ಟೆ. ನಕ್ಕೆ. ಏನೂ ಬರೆಯಲಿಲ್ಲ.

ಯಾರಿಗೂ ಗೊತ್ತಾಗಿಲ್ಲ. ಹಸಿರಿನವರು ಸೋಲೊಪ್ಪಿಕೊಂಡಿದ್ದಾರೆ. ಅವರಿಗೆ ನನ್ನ ಮೇಲೆ ಅಷ್ಟು ನಂಬಿಕೆ. ಈಗ ಬಾಯಿಬಿಟ್ಟರೆ ಕಂಪನಿಯ ಪುಸ್ತಕಕ್ಕೆ ನಾನೇ ಬಾಗಿಲು ತೆಗೆದ ಹಾಗೆ. ಸುಮ್ಮನಿದ್ದರೆ ಸೆಪ್ಟೆಂಬರಿನಿಂದ ಪೀರಿಯಡ್ ನನ್ನದು. ಎಷ್ಟೋ ಒಳ್ಳೆಯ ಒಗಟುಗಳನ್ನು ಕೊಡಬಹುದು. ಒಂದು ಕೆಟ್ಟದ್ದನ್ನು ಮರೆಯಬಹುದು… ಹೀಗೆ ನನ್ನೊಳಗೆ ಒಬ್ಬಳು ವಕೀಲೆ ಕೂತು ವಾದಿಸುತ್ತಿದ್ದಾಳೆ.

ಆದರೆ ರಬ್ಬರ್. ಮೂರು ವಾರದಿಂದ ಅವಳು ಏನನ್ನೂ ಬರೆಯುವುದಿಲ್ಲ. ಪಕ್ಕದವಳು ಬರೆಯುವವರೆಗೆ ಕಾಯುತ್ತಾಳೆ. ಪೆನ್ಸಿಲು ಚೂಪು ಮಾಡುತ್ತಾ ಇರುತ್ತಾಳೆ.

ಊಟಕ್ಕೆ ಕೂತಾಗ ಅಕ್ಕನಿಗೆ ಹೇಳಿಬಿಟ್ಟೆ. ಭಾವ ತಟ್ಟೆಯಲ್ಲೇ ನಾಲ್ಕು ಈರುಳ್ಳಿ ಚೂರಿಟ್ಟು ಹಿಂದೆ ಮುಂದೆ ಮಾಡಿ ನೋಡಿದರು. “ಹೌದಲ್ಲೇ ಕ್ರಾಂತಿ, ಎರಡೂ ಸರಿ. ನಿನ್ನ ಕ್ರಾಂತಿ ಈಗ ನಿನ್ನ ಮೇಲೇ ತಿರುಗಿತಲ್ಲ.”

ಅಕ್ಕ ನಗಲಿಲ್ಲ. ಸಾರಿನ ಪಾತ್ರೆ ಕೆಳಗಿಟ್ಟಳು. “ಉತ್ತರದ ಪುಟ ಮಕ್ಕಳ ತಲೆ ಮೇಲೆ ಕೂತ್ಕೊಳ್ಳುತ್ತೆ ಅಂತ ನೀನೇ ಹೇಳ್ತಿದ್ದೆ. ಈಗ ಅವರ ತಲೆ ಮೇಲೆ ಕೂತಿರೋದು ಯಾರು ಹೇಳು?”

ಅರ್ಧ ತಟ್ಟೆ ಬಿಟ್ಟು ಎದ್ದೆ. ಆದರೆ ತೀರ್ಮಾನ ಆಯಿತು.

ಆಗಸ್ಟ್ 6, ಮಂಗಳವಾರ

ಮೊದಲು ಕ್ಲಾಸ್ ಮಿಸ್‌ಗೆ ಹೇಳಬೇಕು, ತಪ್ಪು ಗುರುತು ಹಾಕಿದ್ದು ಅವರ ಪೆನ್ನು. ಸ್ಟಾಫ್ ರೂಮಿನಲ್ಲಿ ಒಬ್ಬರೇ ಇದ್ದರು. ಕಾಗದದ ಕೋಟುಗಳನ್ನು ಮೇಜಿನ ಮೇಲೆ ಜೋಡಿಸಿದೆ, ಒಮ್ಮೆ ಹಾಗೆ, ಒಮ್ಮೆ ಹೀಗೆ. ತಾವೂ ಒಂದು ಸಲ ಜೋಡಿಸಿ ನೋಡಿದರು. ಬೈಯುತ್ತಾರೆ ಎಂದುಕೊಂಡೆ.

“ಆ ಗುರುವಾರ ಮನೇಲಿ ಕೂತು ಬಿಡಿಸಿದ್ದೆ,” ಎಂದರು. “ಹಳದಿ ಬಂತು. ಬಂದಿದ್ದೇ ಖುಷಿಗೆ ಇನ್ನೊಂದು ಸಲ ನೋಡ್ಲಿಲ್ಲ. ಪ್ರತಿ ಗುರುವಾರ ಹಾಗೇ. ಎಷ್ಟೋ ಸಲ ಬರೋದೇ ಇಲ್ಲ.”

ನಾನು ಕಾಗದದ ಕೋಟುಗಳನ್ನು ಒಟ್ಟುಮಾಡತೊಡಗಿದೆ.

“ಗತ್ತು ಅಂದ್ರಿ ನೀವು. ಗತ್ತಲ್ಲಮ್ಮ, ಭಯ. ನೀವು ವಾರಕ್ಕೆ ಒಂದು ಪೀರಿಯಡ್ ಬಂದು ಹೋಗ್ತೀರಿ. ನನಗೆ ಗೊತ್ತಿಲ್ಲ ಅಂತ ಒಂದು ಸಲ ಗೊತ್ತಾದ್ರೆ, ಆ ಮಕ್ಕಳ ಎದುರು ನಾನು ಇಡೀ ವರ್ಷ ನಿಲ್ಲಬೇಕು.”

ಸೋಮಾರಿತನ ಎಂದು ಇದೇ ದಿನಚರಿಯಲ್ಲಿ ಬರೆದಿದ್ದೇನೆ. ಅಳಿಸುವುದಿಲ್ಲ. ಇರಲಿ, ನನ್ನ ಕಣ್ಣಿಗೆ ಚುಚ್ಚುತ್ತಾ ಇರಲಿ.

ಶುಕ್ರವಾರ ತರಗತಿಯಲ್ಲಿ ಹೇಳುತ್ತೇನೆ, ಹೆಡ್‌ಮಿಸ್‌ರನ್ನೂ ಕರೆಯುತ್ತೇನೆ ಎಂದೆ. ಮಿಸ್ ನನ್ನನ್ನೇ ನೋಡಿದರು. “ಪುಸ್ತಕ ಬಂದುಬಿಡುತ್ತೆ, ಗೊತ್ತಲ್ವಾ?”

ಗೊತ್ತು.

ಆಗಸ್ಟ್ 9, ಶುಕ್ರವಾರ

ಹೇಳಿದೆ. ಹೆಡ್‌ಮಿಸ್ ಹಿಂದಿನ ಬೆಂಚಿನಲ್ಲಿ, ಸಣ್ಣ ಮಕ್ಕಳ ಬೆಂಚಿಗೆ ಮೊಣಕಾಲು ತಾಗಿಸಿಕೊಂಡು ಕೂತಿದ್ದರು.

ಹಸಿರೂ ಸರಿ, ಹಳದಿಯೂ ಸರಿ, ತಪ್ಪು ಒಗಟಿನದು, ಒಗಟು ನನ್ನದು ಎಂದೆ. ಜಯಘೋಷ ಏಳುತ್ತದೆ ಎಂದುಕೊಂಡಿದ್ದೆ. ಏನೂ ಇಲ್ಲ. ತರಗತಿ ನನ್ನನ್ನು ನಂಬಲೇ ಇಲ್ಲ. ಐವತ್ತು ಅಂದಿದ್ದವನು ಎದ್ದು ನಿಂತು, ಸುಮ್ನೆ ಹಸಿರಿನವ್ರಿಗೆ ಬೇಜಾರಾಗಬಾರ್ದು ಅಂತ ಹೇಳ್ತಿದ್ದೀರ ಅಲ್ವಾ ಲೈಬ್ರರಿ ಅಕ್ಕ, ಅಂದ.

ಆಗ ಕ್ಲಾಸ್ ಮಿಸ್ ಎದ್ದರು. ನಾವು ಹೀಗೆ ಮಾತಾಡಿಕೊಂಡಿರಲಿಲ್ಲ. ನಾಲ್ಕು ಮಕ್ಕಳನ್ನು ಕರೆದು ಗೋಡೆಗೆ ಸಾಲಾಗಿ ನಿಲ್ಲಿಸಿ ಕೈಗೆ ಕಾಗದದ ಕೋಟು ಕೊಟ್ಟರು. ಸುಳಿವುಗಳನ್ನು ಜೋರಾಗಿ ಓದಿದರು. ಎಲ್ಲರೂ ಹೌದು ಎಂದರು. ಸಾಲನ್ನು ತಿರುಗಿಸಿದರು. ಮತ್ತೆ ಓದಿದರು. ಹೌದು ಎನ್ನುವ ದನಿಗಳು ನಿಧಾನವಾದವು, ಆಮೇಲೆ ಒಂದೊಂದಾಗಿ ಜೋರಾದವು. “ನಾನೂ ನೋಡಿರಲಿಲ್ಲ,” ಎಂದರು ಮಿಸ್, ನಲವತ್ತು ಮಕ್ಕಳ ಎದುರಿಗೆ. “ನನಗೂ ಗೊತ್ತಾಗಿರಲಿಲ್ಲ.” ಅಷ್ಟು ಹೇಳಿ, ಕೆಂಪು ಪೆನ್ನು ತೆಗೆದುಕೊಂಡು ಬೆಂಚಿನಿಂದ ಬೆಂಚಿಗೆ ಹೊರಟರು. ಹಳೆಯ ಹಾಳೆಗಳು ಹೊರಬಂದವು. ತಪ್ಪು ಗುರುತುಗಳ ಮೇಲೆ ಸರಿ ಗುರುತು ಬಂತು.

ರಬ್ಬರ್ ಮಾತ್ರ ಹಾಳೆ ತೆಗೆಯಲಿಲ್ಲ. ನಿನ್ನದು ಆಗ್ಲೇ ಸರಿ ಇದೆಯಲ್ಲ, ಹಳದಿ, ಎಂದರು ಮಿಸ್. ಅವಳು ನಿಧಾನವಾಗಿ ಹಾಳೆ ತೆಗೆದು ಮೇಜಿನ ಮೇಲಿಟ್ಟಳು.

“ಅದು ನನ್ನದಲ್ಲ ಮಿಸ್. ಅಕ್ಕ ಹೇಳಿದ್ದು.”

ಮಿಸ್ ಪೆನ್ನು ಅವಳ ಕೈಗೇ ಕೊಟ್ಟರು. ಕೆಂಪು ಇಂಕು. ಅಳಿಸಲು ಬರುವುದಿಲ್ಲ. ಅವಳು ಬರೆದಳು.

ಹೆಡ್‌ಮಿಸ್ ಹೋಗುವಾಗ ಕನ್ನಡಕ ಒರೆಸುತ್ತಿದ್ದರು.

ಆಗಸ್ಟ್ 30, ಶುಕ್ರವಾರ

ತೀರ್ಪು ಬಂತು. ಕಂಪನಿಯ ಪುಸ್ತಕಕ್ಕೆ ಆರ್ಡರ್ ಕೊಟ್ಟಿಲ್ಲ, ಬೇಡ ಎಂದೂ ಹೇಳಿಲ್ಲ. ಚಳಿಗಾಲದ ಮೊದಲ ಹಾಳೆಯವರೆಗೆ ಅವಕಾಶ. ಅದರಲ್ಲಿ ಒಂದು ಒಗಟು ಹೀಗೆ ಕೈಕೊಟ್ಟರೂ ಡಿಸೆಂಬರಿನಿಂದ ಹಿಮದ ಗೊಂಬೆಗಳು. ಮತ್ತೆ ಒಂದು ಷರತ್ತು: ಪ್ರತಿ ಹಾಳೆಯ ಉತ್ತರ ಕ್ಲಾಸ್ ಮಿಸ್ ಕೈಗೆ ಮುಂಚೆಯೇ ಹೋಗಬೇಕು.

ಮೊದಲಾಗಿದ್ದರೆ ರಾಜೀನಾಮೆ ಬರೆಯುತ್ತಿದ್ದೆ. ಒಪ್ಪಿದೆ. ಆದರೆ ನನ್ನದೂ ಒಂದು ಷರತ್ತು ಹಾಕಿದೆ. ಉತ್ತರದ ಕಾಗದ ಕಳಿಸುವುದಿಲ್ಲ. ಗುರುವಾರ ನಾನು, ಮಿಸ್ ಒಟ್ಟಿಗೆ ಕೂತು ಬಿಡಿಸುತ್ತೇವೆ. ಹೆಡ್‌ಮಿಸ್ ಮಿಸ್ ಕಡೆ ನೋಡಿದರು. ಮಿಸ್ “ಟೀ ಯಾರ ಖರ್ಚು?” ಎಂದರು.

ಮಕ್ಕಳ ಹಾಳೆಯ ಕೊನೆಯ ಪುಟ ಖಾಲಿಯೇ. ಅದನ್ನು ಬಿಟ್ಟುಕೊಟ್ಟಿಲ್ಲ.

ನವೆಂಬರ್ 21, ಗುರುವಾರ, ಮಧ್ಯಾಹ್ನ

ಚಳಿಗಾಲದ ಹಾಳೆ ಸಿದ್ಧ. ಬೆಲ್ ಆದ ತಕ್ಷಣ ಜೆರಾಕ್ಸಿಗೆ ಹೋಗಬೇಕು, ನಾಳೆ ಶುಕ್ರವಾರ. ಒಂದೊಂದು ಒಗಟನ್ನೂ ಎಡದಿಂದ, ಬಲದಿಂದ, ತಲೆಕೆಳಗಾಗಿ ಪರೀಕ್ಷಿಸಿದ್ದೇನೆ. ಕತ್ತಲ ಡ್ರಾಯರಿನಲ್ಲಿ ಎರಡು ಬಣ್ಣದ ಕಾಲುಚೀಲ, ಜೋಡಿ ಖಂಡಿತ ಸಿಗಬೇಕಾದರೆ ಎಷ್ಟು ತೆಗೆಯಬೇಕು — ಅದಕ್ಕೆ ಅಕ್ಕ “ಎರಡು ಸಾಕು, ಚಳೀಲಿ ಬಣ್ಣ ಯಾರು ನೋಡ್ತಾರೆ” ಅಂದಳು. ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ‘ಒಂದೇ ಬಣ್ಣದ ಜೋಡಿ’ ಎಂದು ತಿದ್ದಿದ್ದು ಮಾತ್ರ ನಿಜ. ಈ ಸಲ ಬಿರುಕು ಎಲ್ಲೂ ಇಲ್ಲ. ಈ ಪೀರಿಯಡ್ ಉಳಿಯುತ್ತದೆ. ಉಳಿಸಿಕೊಳ್ಳುತ್ತೇನೆ.

ಒಟ್ಟಿಗೆ ಕೂರುವ ಮುಂಚೆ ಒಮ್ಮೆ ತಾನೇ ಬಿಡಿಸಿ ನೋಡುತ್ತೇನೆಂದು ಬೆಳಿಗ್ಗೆ ಹಾಳೆ ತೆಗೆದುಕೊಂಡು ಹೋದ ಮಿಸ್ ಇನ್ನೂ ಬಂದಿಲ್ಲ. ಟೀ ಆರುತ್ತಿದೆ.

ಬಂದರು. ಬಾಗಿಲಲ್ಲೇ ನಿಂತಿದ್ದಾರೆ, ಓಡಿ ಬಂದವರ ಹಾಗೆ ಏದುಸಿರು. ನಗುತ್ತಿದ್ದಾರೆ — ಅವರು ಹೀಗೆ ನಕ್ಕಿದ್ದನ್ನು ನಾನು ಕಂಡೇ ಇಲ್ಲ. ಐದನೆಯ ಒಗಟಿಗೆ ಇನ್ನೊಂದು ಉತ್ತರ ಸಿಕ್ಕಿದೆಯಂತೆ. ಸಾಧ್ಯವೇ ಇಲ್ಲ. ಅದನ್ನು ನಾನು ಎಲ್ಲ ಕಡೆಯಿಂದ —