ಬಾಲಮ್ಮನ ಐದು ವರ್ಷ

ಮಕ್ತಲ್, ೧೪ ಜುಲೈ ೨೦೨೨, ಗುರುವಾರ

ಕಳಿಸಿದ ಉತ್ತರವನ್ನು ತಿದ್ದಲು ಬರುವುದಿಲ್ಲ. ಆದರೂ ಮತ್ತೆ ಮತ್ತೆ ಫೋನ್ ತೆರೆದು ನೋಡುತ್ತಿದ್ದೇನೆ.

ಆನ್‌ಲೈನ್ ಸರ್ವೆಗೆಂದು ಮನೆಮನೆಗೆ ಹೋಗುವ ನಾನೇ, ನೋವು ಎಷ್ಟು ಕಾಡುತ್ತದೆಂದು ಅಳೆಯುವ ಪ್ರಶ್ನೆಯನ್ನು ಮುದುಕಿ ಬಾಲಮ್ಮನಿಗೆ ಓದಿ ಹೇಳಿದ್ದೆ: "ಇನ್ನ ಹತ್ತು ವರ್ಷ ಆಯುಷ್ಯ ಐತಿ ಅಂತ ತಿಳ್ಕೋರಿ ದೊಡ್ಡವ್ವ. ಈ ಮೊಣಕಾಲ ಬ್ಯಾನಿ ಪೂರಾ ಹೋಗಾಕ ಅದರಾಗ ಎಷ್ಟು ಬಿಟ್ಟುಕೊಡ್ತೀರಿ?"

"ಐದು ಬರ್ಕೋ ಯವ್ವಾ."

ಬರೆದು ಕಳಿಸಿಬಿಟ್ಟೆ.

ಚಾ ಕೊಡುತ್ತಾ ಕೇಳಿದಳು: "ಆ ಐದು ನಮ್ಮ ಅಖಿಲಾಗ ಸೇರ್ತಾವಲ್ಲ?" ಅಖಿಲಾ ಅವಳ ಮೊಮ್ಮಗಳು, ಹುಟ್ಟಿದಾಗಿನಿಂದ ಹೃದಯದ ಕಾಯಿಲೆ. "ನನ್ನ ಬ್ಯಾನಿಗಂತ ನಾ ಒಂದು ದಿನಾನೂ ಬಿಡಂಗಿಲ್ಲ."

ನಮ್ಮಜ್ಜಿಯೂ ನನ್ನ ತಲೆ ಸವರಿ, ನನ್ನ ಆಯುಷ್ಯ ನಿನಗಿರಲಿ ಎನ್ನುತ್ತಿದ್ದಳು. ನನಗೆ ಹೊಳೆಯಬೇಕಿತ್ತು.

ಅದು ಬರೀ ಲೆಕ್ಕ, ಆ ವರ್ಷಗಳು ಯಾರಿಗೂ ಸೇರುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. "ಹೂಂ" ಎಂದೆ.

ಅವಳ ಮುಖ ಅರಳಿತು. "ಹಂಗಾದ್ರ ಇನ್ನೆರಡು ಹಾಕು."