ದೊಡ್ಡಪ್ಪನ ಖಾನೆ

ಮಾರ್ಚ್ 3, ಬೆಳಿಗ್ಗೆ
ಮತ್ತೆ ಅದೇ ಪಂಚಾಯ್ತಿ. ನಮ್ಮ ಕುರ್ಚಿ ಅಂಗಡಿಗೆ ವೆಬ್ ಪೇಜ್ ಮಾಡುವವನು ನಾನು, ನ್ಯಾಯಾಧೀಶನೂ ನಾನೇ. ಪಕ್ಕಪಕ್ಕದಲ್ಲಿ ಮೂರು ಖಾನೆ — ಅಪ್ಪನ ಪಾಲಿಶ್, ದೊಡ್ಡಪ್ಪನ ಮರಗೆಲಸ, ಅತ್ತೆಯ ಕುಶನ್. ಅತ್ತೆ ತನ್ನ ಬಗ್ಗೆ ಪುರಾಣವನ್ನೇ ಬರೆದುಕೊಟ್ಟಿದ್ದಾಳೆ, ಖಾನೆ ಮಾರುದ್ದ. ದೊಡ್ಡಪ್ಪ ಕೊಟ್ಟದ್ದು ಎರಡೇ ಪದ: ಕುರ್ಚಿ ಮಾಡುತ್ತೇನೆ. ಖಾನೆ ಗೇಣುದ್ದ. ಅಂಗಡಿ ಕಟ್ಟಿದವನೇ ಮೋಟು ಅಂತೆ. ದೊಡ್ಡಪ್ಪನ ಮುಖ ಊದಿದೆ.

ಮಾರ್ಚ್ 5
ತೀರ್ಪು ಹೊರಬಿತ್ತು. ಪೇಜಿನ ಕೋಡ್‌ನಲ್ಲಿ ಹೊರಗಿನ ಡಬ್ಬಕ್ಕೆ display: table, ಒಳಗಿನ ಮೂವರಿಗೂ table-cell. ಇನ್ನು ಯಾರು ಎಷ್ಟೇ ಕೊರೆಯಲಿ, ಮೂವರ ಎತ್ತರ ಒಂದೇ. ದೊಡ್ಡಪ್ಪ ಸ್ಕ್ರೀನಿಗೇ ಅಳತೆ ಟೇಪು ಹಿಡಿದು ನೋಡಿದರು. "ಟೇಬಲ್ ಮಾಡೋನಿಗೇ ಟೇಬಲ್ ಕಲಿಸ್ತೀಯೇನೋ" ಅಂದರು. ಖುಷಿಯಾಗಿದೆ ಅಂತ ಅರ್ಥ.
ಆದರೆ ಅವರ ಖಾನೆಯಲ್ಲಿ ಎಷ್ಟೊಂದು ಖಾಲಿ ಜಾಗ... ಕೈ ತುರಿಸಿತು. ಪರೀಕ್ಷಾರ್ಥ ಒಂದು ಸಾಲು ಹಾಕಿದೆ: ಸಿಟ್ಟಿನ ಸಗಟು ವ್ಯಾಪಾರಿ. ಆಮೇಲೆ ತೆಗೆದರಾಯಿತು.

ಮಾರ್ಚ್ 7
ತೆಗೆಯಲು ಮರೆತು ಪೇಜನ್ನು ಹಾಗೇ ಏರಿಸಿದ್ದೆ. ಗಿರಾಕಿಯೊಬ್ಬ ದೊಡ್ಡಪ್ಪನ ಎದುರಿಗೇ ಗಟ್ಟಿಯಾಗಿ ಓದಿದ. ದೊಡ್ಡಪ್ಪ ರೇಗಲಿಲ್ಲ. ನನಗೆ ಹೆದರಿಕೆ ಆದದ್ದೇ ಅದಕ್ಕೆ. ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡರು. ಬಾಗಿಲಲ್ಲಿ ನಿಂತು, "ನನ್ನ ಖಾನೆ ತೆಗೆದುಬಿಡಪ್ಪ. ನಾನಿಲ್ದಿದ್ರೂ ನಡೆಯುತ್ತೆ" ಅಂದರು.

ಮಾರ್ಚ್ 14
ದೊಡ್ಡಪ್ಪ ಬಂದಿಲ್ಲ. ಕಾಲಿಲ್ಲದ ಕುರ್ಚಿಯೊಂದು ಅವರ ಮೂಲೆಯಲ್ಲಿ ಕಾಯುತ್ತಿದೆ. ಅಪ್ಪನಿಗೆ ಪಾಲಿಶ್ ಹಚ್ಚಲು ಏನೂ ಉಳಿದಿಲ್ಲ.
ಅಪ್ಪಣೆಯಂತೆ ಅವರ ಖಾನೆಗೆ display: none ಹಾಕಿದೆ. ತಕ್ಷಣ ಆಚೆ ಅಪ್ಪ, ಈಚೆ ಅತ್ತೆ ಹರಡಿಕೊಂಡರು. ನಡುವೆ ಒಬ್ಬರಿದ್ದರು ಅನ್ನುವ ಗುರುತೇ ಇಲ್ಲ. ನನ್ನದು ಎಷ್ಟು ಅಗಲ ಆಯ್ತಲ್ಲೋ ಅಂದ ಅತ್ತೆ, ಮೂಲೆಯ ಕುರ್ಚಿ ಕಡೆ ನೋಡಿ ತಲೆ ತಗ್ಗಿಸಿದಳು.
ಅಳಿಸಿದೆ. visibility: hidden ಅಂತ ಬದಲಿಸಿದೆ. ಬರಹ ಕಾಣಲ್ಲ, ಜಾಗ ಮಾತ್ರ ಅಲ್ಲೇ. ನಟ್ಟನಡುವೆ ಬಿಳಿ ಗುಂಡಿ. ಅಪ್ಪ ಅದರ ಮೇಲೆ ಬೆರಳಿಟ್ಟ. "ಹಾಗೇ ಇರಲಿ. ಅಲ್ಲಿಗೆ ಯಾರೂ ಕಾಲು ಚಾಚ್ಬೇಡಿ."

ಮಾರ್ಚ್ 15, ಸಂಜೆ
ಫೋನ್ ಹಿಡಿದು ದೊಡ್ಡಪ್ಪನ ಮನೆಗೆ ಹೋದೆ. ತಪ್ಪಾಯ್ತು ಎಂಬ ಭಾಷಣ ದಾರಿಯುದ್ದಕ್ಕೂ ತಯಾರಾಗಿತ್ತು, ಹೊಸ್ತಿಲಲ್ಲೇ ಕೈಕೊಟ್ಟಿತು. ಸುಮ್ಮನೆ ಪೇಜ್ ತೋರಿಸಿದೆ.
"ನಡುವೆ ಇದ್ಯಾರ ಜಾಗ?"
"ನಿಮ್ದೇ. ನಿಮ್ಮನ್ನ ಮರೆ ಮಾಡ್ಬಹುದು ದೊಡ್ಡಪ್ಪ. ಜಾಗ ತೆಗೆಯೋಕೆ ಅಪ್ಪ ಬಿಡ್ತಿಲ್ಲ."
ಕನ್ನಡಕ ಒರೆಸಿದರು. ಮತ್ತೆ ಒರೆಸಿದರು.
"ಆ ಸಾಲು ಇನ್ನೂ ಇದ್ಯಾ?"
ಮರೆಯಲ್ಲಿ ಹಾಗೇ ಇದೆ ಅಂತ ತಲೆಯಾಡಿಸಿದೆ. ಸತ್ತೆ ಅಂದುಕೊಂಡೆ.
"ಕೆಳಗೆ ಇನ್ನೊಂದು ಸೇರಿಸು. ಚಿಲ್ಲರೆಯಲ್ಲೂ ಸಿಗುತ್ತೆ ಅಂತ."

ಮಾರ್ಚ್ 16, ಬೆಳಿಗ್ಗೆ
ನನಗಿಂತ ಮುಂಚೆ ಅಂಗಡಿಯೊಳಗೆ ಉಳಿಯ ಸದ್ದು. ಅಪ್ಪ ಪಾಲಿಶ್ ಡಬ್ಬದ ಮುಚ್ಚಳ ತೆಗೆದ. ನಾನೂ ಮರೆ ತೆಗೆದೆ. ಮೂರೂ ಖಾನೆ ಸರಿಸಮ. ಈಗ ಅತ್ತೆ ಬೆನ್ನ ಹಿಂದೆ ನಿಂತಿದ್ದಾಳೆ — ತನಗೂ ಒಂದು ಬಿರುದು ಬೇಕಂತೆ. ಆಗಲೇ ಹೊಳೆದುಬಿಟ್ಟಿದೆ. ಬೇಡ, ಈ ಸಲ ಮೊದಲು ಕೇಳಿಯೇ...