ಮಂಡಕ್ಕಿ ಬಂದ ವರ್ಷ

೮ ಜೂನ್ ೧೯೯೮, ಸೋಮವಾರ

ಓಪಿಡಿಯಲ್ಲಿ ಎಪ್ಪತ್ತೆರಡು ಜನ. ಡಾಕ್ಟರು ಮೀಟಿಂಗ್ ಅಂತ ಮೊಳಕಾಲ್ಮೂರಿಗೆ ಹೋದವರು ಬರಲೇ ಇಲ್ಲ. ಮಾತ್ರೆ ಕೊಟ್ಟು ಕೊಟ್ಟು ಕೈ ಸೋತವು. ಮಧ್ಯಾಹ್ನ ನಾಯಿ ಕಚ್ಚಿದ ಹುಡುಗಿಗೆ ಒಂಬತ್ತನೇ ಇಂಜೆಕ್ಷನ್. ಎಂಟು ವರ್ಷದ ಕೂಸು. ಹೊಕ್ಕುಳ ಸುತ್ತ ಚುಚ್ಚಲು ಜಾಗವೇ ಉಳಿದಿಲ್ಲ, ಎಲ್ಲ ಗಂಟು. ಅವರಪ್ಪ ಕಾಲು ಹಿಡಿದ, ಆಯಾ ದುರುಗಕ್ಕ ಕೈ ಹಿಡಿದಳು, ನಾನು ಚುಚ್ಚಿದೆ. ಇನ್ನೂ ಐದು ಬಾಕಿ. ಆ ಮಗು ನನ್ನನ್ನು ನೋಡುತ್ತಿದ್ದದ್ದು ನೋಡಿದರೆ, ಕಚ್ಚಿದವಳು ನಾನೇ ಅನ್ನಬೇಕು.

ಮಗಳು ಶಶಿ ಸ್ಕೂಲ್ ಬಿಟ್ಟು ಬಂದು ಹೆಲ್ತ್ ಸೆಂಟರಿನ ಜಗುಲಿಯಲ್ಲೇ ಕೂತು ಕಾಪಿ ಬರೆಯುತ್ತಿದ್ದಳು, ದಿನದಂತೆ. ಆ ಕೂಗಾಟ ಪೂರ್ತಿ ಕೇಳಿದ್ದಾಳೆ. ಸಾಯಂಕಾಲ ಕ್ವಾರ್ಟರ್ಸಿಗೆ ಬಂದು ಕೈಕಾಲು ತೊಳೆಯುವ ಮೊದಲೇ ಶುರು — ನಾಯಿಮರಿ ಬೇಕಂತೆ. ಮೈಯೆಲ್ಲ ಉರಿಯಿತು. ಒಂಬತ್ತು ವರ್ಷಕ್ಕೆ ಅಷ್ಟೂ ತಿಳಿಯಬಾರದೇ? ಆಗಲ್ಲ ಅಂದೆ. ಊಟ ಮಾಡದೆ ಮಲಗಿದಳು. ಮಲಗಲಿ.

೧೪ ಜೂನ್, ಭಾನುವಾರ

ಇವರು ಚಳ್ಳಕೆರೆಯಿಂದ ಮೊದಲನೇ ಬಸ್ಸಿಗೇ ಬಂದರು. ಎಣ್ಣೆ ಮಿಲ್ಲಿನಲ್ಲಿ ಗುಮಾಸ್ತಿಕೆ, ವಾರಕ್ಕೊಂದು ದಿನದ ಗಂಡ. ಬಂದ ತಕ್ಷಣ ಅಪ್ಪ ಮಗಳು ಒಳಗೊಳಗೇ ಪಿಸುಪಿಸು. ಸ್ವಲ್ಪ ಹೊತ್ತಿಗೆ ಶಶಿ ನೋಟ್‌ಬುಕ್ಕಿನ ಹಾಳೆ ತಂದು ನನ್ನ ಮುಂದೆ ಇಟ್ಟಳು. ಅರ್ಜಿ! "ಇವರಿಗೆ, ಶ್ರೀಮತಿ ನಿರ್ಮಲಾ ಸಿಸ್ಟರ್ ಅವರು. ಮಾನ್ಯರೇ, ನಮ್ಮ ಮನೆಯಲ್ಲಿ ನಾಯಿ ಇರುವುದಿಲ್ಲ. ಆದಕಾರಣ ತಾವು ದಯಮಾಡಿ ಒಂದು ನಾಯಿಮರಿ ಮಂಜೂರು ಮಾಡಬೇಕಾಗಿ ಬೇಡಿಕೊಳ್ಳುತ್ತೇನೆ." ಕೆಳಗೆ ಅವಳ ಸಹಿ. ಅದರ ಪಕ್ಕ ಸಾಕ್ಷಿ ಅಂತ ನಮ್ಮತ್ತೆ ಕಾಟಮ್ಮನವರ ಹೆಬ್ಬೆಟ್ಟು. ಇಂಕಿಗೆ ನನ್ನ ಸ್ಟಾಂಪ್ ಪ್ಯಾಡನ್ನೇ ಕದ್ದಿದ್ದಾರೆ.

ನಗು ಬಂತು, ತಡೆದುಕೊಂಡೆ. ಹಿಂದುಗಡೆ "ತಿರಸ್ಕರಿಸಲಾಗಿದೆ" ಅಂತ ಬರೆದು ಸಹಿ ಹಾಕಿ ಕೊಟ್ಟೆ. ಇವರು ಒಂದು ಮರಿ ತಾನೇ, ಇರಲಿ ಬಿಡು ಅಂದರು. ನಿಮಗೇನು ರೀ, ಸಾಯಂಕಾಲದ ಬಸ್ಸಿಗೆ ಹೋಗುತ್ತೀರಿ, ಆಮೇಲೆ ಅದರ ಗಲೀಜು ಬಾಚುವವಳು ನಾನು ಅಂದೆ.

ಗಲೀಜಿನ ಮಾತು ನೆಪ. ನಿಜ ಹೇಳಬೇಕೆಂದರೆ ನನಗೆ ಭಯ. ಹನ್ನೊಂದು ವರ್ಷದ ಸರ್ವಿಸ್‌ನಲ್ಲಿ ಹುಚ್ಚುನಾಯಿ ರೋಗದಲ್ಲಿ ಹೋದವರನ್ನು ಇಬ್ಬರನ್ನು ನೋಡಿದ್ದೇನೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ.

೨೩ ಜೂನ್

ಇವತ್ತು ಕೈ ಮಾಡಿದೆ. ಅತ್ತೆ ಬೇರೆ ರಾಗ ತೆಗೆದಿದ್ದರು — ಹಿತ್ತಿಲಲ್ಲಿ ಹಾವು ಕಂಡಿತು, ಕೋಳಿ ಕಾಣೆಯಾಯಿತು, ನೀನು ಹೆರಿಗೆ ಕೇಸ್ ಅಂತ ಹೋದರೆ ಮುದುಕಿ ನಾನು, ಹೆಣ್ಣುಮಗು ಅದು, ಮನೆಗೊಂದು ನಾಯಿ ಬೇಡವೇ... ಡ್ಯೂಟಿಯಿಂದ ಬಂದ ತಲೆನೋವು ಬೇರೆ. ಶಶಿ ಮತ್ತೆ ಅರ್ಜಿ ಹಿಡಿದು ಬಂದಳು. ಕಪಾಳಕ್ಕೆ ಒಂದು ಬಿಟ್ಟೆ. ಬೆರಳು ಮೂಡಿದವು. ಅಳಲಿಲ್ಲ, ಹಾಳೆ ಮಡಚಿ ಒಳಗೆ ಹೋದಳು.

ಅತ್ತಿದ್ದರೆ ಚೆನ್ನಾಗಿತ್ತು. ಹಾಲು ಬಿಸಿ ಮಾಡಿ ಕೊಟ್ಟು, ಆಯ್ತು ತಗೋ ಅಂದೆ. ಹೊಡೆದ ತಪ್ಪಿಗೆ ಒಪ್ಪಿಕೊಂಡೆ, ಮತ್ತೇನಲ್ಲ. ಆದರೆ ದೇವರ ಮುಂದೆ ನಿಲ್ಲಿಸಿ, ದೀಪದ ಮೇಲೆ ಕೈ ಇಡಿಸಿ, ತಿಪ್ಪೇಸ್ವಾಮಿ ಮೇಲೆ ಆಣೆ ಮಾಡಿಸಿಯೇ ಒಪ್ಪಿದ್ದು. "ಒಂದೇ ಒಂದು ಹಲ್ಲು ತಾಗಿದ್ರೂ ಅವತ್ತೇ ಅದನ್ನ ಊರಾಚೆ ಕಾವಲಿಗೆ ಬಿಟ್ಟು ಬರ್ತೀನಿ. ನಿಂಗೆ ಹದಿನಾಲ್ಕು ಇಂಜೆಕ್ಷನ್ನು. ತಿಳೀತಾ?" ಹೂಂ ಅಂದಳು. ಅಷ್ಟು ದೊಡ್ಡ ಹೂಂ ನಾನು ಕೇಳಿಲ್ಲ.

೨೮ ಜೂನ್, ಭಾನುವಾರ

ಬಂತು. ಕುರಿ ಕಾಯುವ ಬೊಮ್ಮಣ್ಣನ ಹಟ್ಟಿಯಿಂದ. ಟವೆಲ್ಲಿನಲ್ಲಿ ಸುತ್ತಿಕೊಂಡು ತಂದ. ಕಂದು ಮೈ, ಮೇಲೆಲ್ಲ ಬಿಳಿ ಚುಕ್ಕಿ. ಶಶಿ ನೋಡಿದ ಕೂಡಲೇ ಮಂಡಕ್ಕಿ ಅಂತ ಹೆಸರಿಟ್ಟಳು. ಒಂದೂವರೆ ತಿಂಗಳಾಗಿದೆಯಂತೆ. ಮೂರು ತಿಂಗಳು ತುಂಬಿದ ಮೇಲೆ ಮೊಳಕಾಲ್ಮೂರಿನ ದನದ ಆಸ್ಪತ್ರೆಯಲ್ಲಿ ಲಸಿಕೆ ಹಾಕಿಸಬೇಕು. ಆಗಸ್ಟ್ ಮಧ್ಯಕ್ಕೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ.

ರಾತ್ರಿ ಅಡುಗೆಮನೆಯಲ್ಲೇ ಉಚ್ಚೆ. ಬಾಚಿದ್ದು ನಾನೇ.

೧೪ ಜುಲೈ

ಎರಡು ವಾರ ಬರೆಯಲು ಆಗಲಿಲ್ಲ. ಪಲ್ಸ್ ಪೋಲಿಯೊ ರಿಪೋರ್ಟು, ಹೆರಿಗೆ, ವಾಂತಿ-ಭೇದಿ. ಮನೆಯಲ್ಲಿ ಮಾತ್ರ ಹಬ್ಬ. ಶಶಿ ಎದ್ದ ಕೂಡಲೇ ಮಂಡಕ್ಕಿ, ಮಲಗುವಾಗ ಮಂಡಕ್ಕಿ. ಲೆಕ್ಕದಲ್ಲಿ ನಪಾಸಾಗುವವಳು ಮೊದಲ ಸಲ ಪಾಸು. ನಾನು ಬರುವ ಹೊತ್ತಿಗೆ ಅದು ಗೇಟಿನ ಹತ್ತಿರ ಕೂತಿರುತ್ತದೆ, ನನ್ನ ಚಪ್ಪಲಿ ನೆಕ್ಕುತ್ತದೆ. ಛೀ ಅನ್ನುತ್ತೇನೆ. ಬರದಿದ್ದರೆ ಎಲ್ಲಿ ಅಂತ ನಾನೇ ಹುಡುಕುತ್ತೇನೆ. ಇದನ್ನು ಯಾರಿಗೂ ಹೇಳುವುದಿಲ್ಲ.

ಇವತ್ತು ಅದರ ಕಿವಿ ಹರಿದಿತ್ತು. ಬೆಕ್ಕು ಪರಚಿತು ಅಂದರು ಅತ್ತೆ. ಅರಿಸಿನ ಎಣ್ಣೆ ಮೆತ್ತಿದ್ದರು. ನನಗೂ ಹೆಚ್ಚು ನೋಡಲು ವ್ಯವಧಾನವಿರಲಿಲ್ಲ.

೪ ಆಗಸ್ಟ್, ಮಂಗಳವಾರ

ಶಶಿ ತುಟಿ ಒಡೆದುಕೊಂಡು ಬಂದಿದ್ದಾಳೆ. ಸ್ಕೂಲ್ ಮೆಟ್ಟಿಲ ಮೇಲೆ ಬಿದ್ದೆ ಅಂದಳು. ಮೇಲ್ದುಟಿ, ಒಳಗೂ ಹೊರಗೂ. ನೋಡಿಕೊಂಡು ನಡೆಯೋಕೆ ಏನು ಕಷ್ಟ ನಿಂಗೆ ಅಂತ ಬೈದು, ಹತ್ತಿಯಲ್ಲಿ ಒರೆಸಿ ನೀಲಿ ಔಷಧಿ ಹಚ್ಚಿದೆ. ಹೊಲಿಗೆ ಬೇಡ, ಸಣ್ಣದು.

೬ ಆಗಸ್ಟ್

ಅತ್ತೆ ಇವತ್ತು ಶಶಿಗೆ ಸ್ಕೂಲ್ ಬಿಡಿಸಿ ಬಿ.ಜಿ. ಕೆರೆಯ ತಂಗಿ ಮನೆಗೆ ಕರೆದುಕೊಂಡು ಹೋಗಿದ್ದರು. ನನ್ನನ್ನು ಒಂದು ಮಾತು ಕೇಳಲಿಲ್ಲ. ಬೆಳಿಗ್ಗೆ ಹೋದವರು ಸಂಜೆ ಬಂದರು, ಇಬ್ಬರಿಗೂ ಮೊಣಕಾಲವರೆಗೆ ಧೂಳು. ತಂಗಿ ಮನೆ ಬಸ್‌ಸ್ಟ್ಯಾಂಡಿನ ಮಗ್ಗುಲಲ್ಲೇ ಇದೆಯಲ್ಲ, ಇಷ್ಟು ಧೂಳು ಎಲ್ಲಿಂದ ಅಂದೆ. ನಡೆದ್ವಿ ಕಣಮ್ಮ ಅಂದರು, ಅಷ್ಟೇ.

೮ ಆಗಸ್ಟ್

ಮಂಡಕ್ಕಿ ನಿನ್ನೆಯಿಂದ ಏನೂ ತಿಂದಿಲ್ಲ. ಕಣಜದ ಹಿಂದೆ ಕತ್ತಲಲ್ಲಿ ಸೇರಿಕೊಂಡಿದೆ. ಕರೆದರೆ ಬರುವುದಿಲ್ಲ. ಧ್ವನಿ ಬದಲಾಗಿದೆ. ಆ ಕೋಣೆ ಬಾಗಿಲು ಹಾಕಿ ಚಿಲಕ ಹಾಕಿದೆ.

೧೦ ಆಗಸ್ಟ್

ಬೆಳಿಗ್ಗೆ ಸತ್ತಿತು. ಬೊಮ್ಮಣ್ಣನೇ ಬಂದು ಹೂತ. ಹೊಟ್ಟೆಹುಳ ಇರಬೇಕು ಸಿಸ್ಟ್ರಮ್ಮ, ಈ ಸಲ ನಮ್ಮ ಹಟ್ಟಿ ಮರಿನೂ ಎರಡು ಹೋದ್ವು ಅಂದ. ಇರಬಹುದು. ಇಲ್ಲದೆಯೂ ಇರಬಹುದು.

ಶಶಿಯನ್ನೂ ಅತ್ತೆಯನ್ನೂ ಎದುರಿಗೆ ಕೂರಿಸಿಕೊಂಡು ಕೇಳಿದೆ. ಕಚ್ಚಿತ್ತಾ, ಪರಚಿತ್ತಾ, ಗಾಯ ನೆಕ್ಕಿತ್ತಾ? ಇಲ್ಲ. ಇಬ್ಬರೂ ಇಲ್ಲ. ನಂಬಿಕೆ ಬರಲಿಲ್ಲ. ಶಶಿಯ ಕೈ ಕಾಲು ಬೆನ್ನು ಎಲ್ಲ ದೀಪ ಹಿಡಿದು ನೋಡಿದೆ. ಒಂದು ಗೀರೂ ಇಲ್ಲ. "ಸುಳ್ಳು ಹೇಳಿದ್ದು ಗೊತ್ತಾದ್ರೆ ಹದಿನಾಲ್ಕೂ ನಾನೇ ಹಾಕ್ತೀನಿ, ಒಂದೇ ದಿನ ಹಾಕ್ತೀನಿ" ಅಂತ ಗದರಿಸಿದೆ. ತಲೆ ಅಲ್ಲಾಡಿಸಿದಳು. ಮಂಡಕ್ಕಿ ಹೋಯಿತು ಅಂತ ಅಳುತ್ತಿದ್ದವಳಿಗೆ ಇದೂ ಸೇರಿತು.

ಸುಮ್ಮನೆ ಒಂದು ಕೋರ್ಸ್ ಹಾಕಿಬಿಡಲೇ? ಆ ಔಷಧಿಯಿಂದಲೇ ಕಾಲು ಸ್ವಾಧೀನ ತಪ್ಪಿದ ಕೇಸು ಕಂಡಿದ್ದೇನೆ. ಕಚ್ಚದೇ ಹೇಗೆ ಹಾಕುವುದು. ಡಾಕ್ಟರೂ ಬೇಡ ಅಂದರು. ಬಿಟ್ಟೆ.

೧೬ ಸೆಪ್ಟೆಂಬರ್, ಬುಧವಾರ

ಶಶಿಗೆ ಮೈ ಬೆಚ್ಚಗಿದೆ. ಮೇಲ್ದುಟಿ ಜುಮ್ ಅನ್ನುತ್ತದಂತೆ, ಉಜ್ಜಿ ಉಜ್ಜಿ ಕೆಂಪು ಮಾಡಿಕೊಂಡಿದ್ದಾಳೆ. ಹುಳ ಕಡಿದಿರಬೇಕು. ಕ್ರೋಸಿನ್ ಅರ್ಧ ಮಾತ್ರೆ ಕೊಟ್ಟೆ.

೧೭, ಬೆಳಿಗ್ಗೆ

ಮಾತ್ರೆಗೆ ನೀರು ಕೊಟ್ಟೆ. ಲೋಟ ಬಾಯಿಗೆ ತಂದಳು — ಗಂಟಲು ಹಿಡಿದಂತೆ ಮೈಯೆಲ್ಲ ಸೆಟೆದು ಲೋಟ ಎಸೆದಳು. ಮತ್ತೆ ಕೊಟ್ಟೆ. ನೋಡಿದ್ದಕ್ಕೇ ಹಾಗಾಯಿತು. ಫ್ಯಾನ್ ಗಾಳಿ ಮುಖಕ್ಕೆ ಬಂದರೂ ಹಾಗೆಯೇ.

ಗೊತ್ತಾಯಿತು ನನಗೆ. ಅಡುಗೆಮನೆಗೆ ಬಂದು ನೆಲದ ಮೇಲೆ ಕೂತೆ. ಎಷ್ಟು ಹೊತ್ತೋ.

೧೭, ಮಧ್ಯಾಹ್ನ

ಅತ್ತೆಯನ್ನು ಹಿತ್ತಿಲಿಗೆ ಎಳೆದುಕೊಂಡು ಹೋಗಿ ಕೇಳಿದೆ. ಕಲ್ಲಿನ ಮೇಲೆ ಕೂತು ಎಲ್ಲ ಹೇಳಿದರು. ಮೆಟ್ಟಿಲ ಮೇಲೆ ಬಿದ್ದದ್ದಲ್ಲ. ರೊಟ್ಟಿ ಚೂರನ್ನು ಬಾಯಲ್ಲಿ ಕಚ್ಚಿ ಹಿಡಿದು ಮಂಡಕ್ಕಿಗೆ ತಿನ್ನಿಸುತ್ತಿದ್ದಳಂತೆ, ಹಾರಿ ತುಟಿಯನ್ನೇ ಹಿಡಿಯಿತಂತೆ. ಆಣೆ ಮಾಡಿದ್ದೆ, ಅವ್ವ ಮಂಡಕ್ಕಿನ ಬಿಟ್ಟು ಬರುತ್ತಾಳೆ, ನನಗೆ ಹೊಟ್ಟೆಗೆ ಚುಚ್ಚುತ್ತಾಳೆ, ಹೇಳಬೇಡ ಅಜ್ಜಿ ಅಂತ ಕಾಲು ಹಿಡಿದಳಂತೆ.

ನನ್ನ ಕೈಯಾರೆ ಹಚ್ಚಿದ್ದೇನೆ ನೀಲಿ ಔಷಧಿ. ಸೋಪಿನಲ್ಲಿ ತೊಳೆಯಲೂ ಇಲ್ಲ. ಬೈದು ಹಚ್ಚಿದೆ.

ಆ ಧೂಳು ಬಾವಿಗಳದ್ದು. ನಾಯಿ ಕಚ್ಚಿದವರು ಏಳು ಬಾವಿ ಇಣುಕಿ, ನೀರಲ್ಲಿ ಮುಖ ನೋಡಿಕೊಂಡರೆ ವಿಷ ಇಳಿಯುತ್ತದೆ ಅಂತ ಇವರ ಕಡೆ ನಂಬಿಕೆ. ಬಿ.ಜಿ. ಕೆರೆ ಹೊಲಗಳಲ್ಲೆಲ್ಲ ಈಗ ಬೋರ್‌ವೆಲ್. ಇಡೀ ದಿನ ಸುತ್ತಿ ಸುತ್ತಿ ನೀರಿದ್ದ ಬಾವಿ ಸಿಕ್ಕಿದ್ದು ಐದು. ಉಳಿದೆರಡು ಒಣಗಿ ಮುಳ್ಳು ತುಂಬಿದವು. ಅವನ್ನೂ ಇಣುಕಿಸಿ ಏಳು ಅಂತ ಲೆಕ್ಕ ಮುಗಿಸಿದರಂತೆ.

"ಎರಡರಾಗ ಮಗೀನ ಮುಖ ಕಾಣ್ಲಿಲ್ಲ ಕಣಮ್ಮ. ಇನ್ನೊಂದೆರಡು ಹುಡುಕ್ಬೇಕಿತ್ತು. ಕಾಲು ನೋಯ್ತಾವೆ ಅಂತ ವಾಪಸ್ ಬಂದೆ. ನಾನೇ ಕೊಂದೆ."

ಬಡಿಯಬೇಕು ಅನ್ನಿಸಿತು. ಕೂಗಬೇಕು ಅನ್ನಿಸಿತು. ಆಗಲಿಲ್ಲ. ಅವರಿಗೆ ಎರಡು ಬಾವಿ ಕಡಿಮೆಯಾದವು ಅಂತ ದುಃಖ. ಸೆಂಟರಿನಲ್ಲಿ ನನ್ನ ಫ್ರಿಜ್ಜಿನಲ್ಲೇ ಔಷಧಿ ಇತ್ತು, ಮನೆಯಿಂದ ನಲವತ್ತು ಹೆಜ್ಜೆ. ಹೇಳಿದ್ದರೆ ಆಗುತ್ತಿತ್ತು. ಹೇಳದ ಹಾಗೆ ಹೆದರಿಸಿಟ್ಟವಳು ನಾನು.

೧೯, ಶನಿವಾರ

ನಿನ್ನೆ ಜಿಲ್ಲಾ ಆಸ್ಪತ್ರೆಗೆ ಜೀಪಿನಲ್ಲಿ. ಇವರೂ ಬಂದರು. ಅಲ್ಲಿಯ ಡಾಕ್ಟರು ಒಳ್ಳೆಯವರು, ನನ್ನನ್ನು ಪಕ್ಕಕ್ಕೆ ಕರೆದು, ನಿಮಗೆ ನಾನು ಹೇಳಬೇಕಾ ಸಿಸ್ಟರ್ ಅಂದರು. ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ ಅಂದೆ. ಸೈನ್ ಮಾಡಿ ಕರೆದುಕೊಂಡು ಬಂದೆ. ದಾರಿಯಲ್ಲಿ ಇವರು ಒಂದೇ ಸಲ, ನೀನು ನಾಯಿ ಬೇಡ ಅಂತಲೇ ಹೇಳಿದ್ದೆ ಅಂದರು. ಆ ಮಾತು ಬೈದದ್ದಕ್ಕಿಂತ ಕೆಟ್ಟದಾಗಿತ್ತು.

೨೦, ಭಾನುವಾರ

ಕಿಟಕಿಗಳಿಗೆ ಬೆಡ್‌ಶೀಟ್ ಕಟ್ಟಿದ್ದೇನೆ. ಮನೆಯಲ್ಲಿ ನೀರಿನ ಕೊಡದ ಸದ್ದೂ ಇಲ್ಲ. ಇವರು ಹೊರಗೆ ಜಗುಲಿ ಮೇಲೆ. ಅತ್ತೆ ಬೆಳಿಗ್ಗೆಯೇ ಎದ್ದು ಎಲ್ಲಿಗೋ ನಡೆದು ಹೋದರು, ಬಾವಿ ಹುಡುಕಿಕೊಂಡೇ ಇರಬೇಕು. ತಡೆಯಲಿಲ್ಲ.

ಹತ್ತು ಗಂಟೆ ಹೊತ್ತಿಗೆ ಶಶಿ ತಿಳಿಯಾದಳು. ನಡುವೆ ಹೀಗೆ ಆಗುತ್ತದೆ, ಮೊದಲೂ ನೋಡಿದ್ದೇನೆ. ನನ್ನ ಕೈ ಹಿಡಿದುಕೊಂಡಳು.

"ಅವ್ವ, ಈಗ ಹಾಕು. ಹದಿನಾಲ್ಕೂ ಹಾಕು. ಅಳಲ್ಲ ನಾನು."

ಇನ್ನು ಏನೂ ಆಗುವುದಿಲ್ಲ ಅಂತ ನನಗೆ ಗೊತ್ತು. ಸೆಂಟರಿಗೆ ಹೋಗಿ ತಂದೆ. ಅವಳಿಗೆ ಔಷಧಿ ಕಾಣಿಸದ ಹಾಗೆ ಸೆರಗಿನ ಮರೆಯಲ್ಲಿ ಸಿರಿಂಜ್ ತುಂಬಿದೆ. ಯಾರೂ ಕೈಕಾಲು ಹಿಡಿಯಬೇಕಾಗಲಿಲ್ಲ. ತಾನೇ ಲಂಗ ಸರಿಸಿ ಹೊಟ್ಟೆ ಕೊಟ್ಟಳು. ಚುಚ್ಚಿದೆ. ಕಣ್ಣು ಮುಚ್ಚಲಿಲ್ಲ, ಅಳಲೂ ಇಲ್ಲ.

ಒಂದಾಯ್ತು, ಇನ್ನೆಷ್ಟು ಅಂತ ಕೇಳಿದಳು. ಹದಿಮೂರು ಅಂದೆ. ಎಲ್ಲ ಮುಗಿದ ಮೇಲೆ ಬೊಮ್ಮಣ್ಣನ ಹತ್ತಿರ ಇನ್ನೊಂದು ಮರಿ ಕೇಳೋಣವಾ ಅಂದಳು. ಕೇಳೋಣ ಅಂದೆ. ಆಣೆ ಬೇಡವಾ ಅಂದಳು. ಬೇಡ ಅಂದೆ.

ಈಗ ಮಲಗಿದ್ದಾಳೆ. ನಾಳೆ ಬೆಳಿಗ್ಗೆ ಎರಡನೆಯದು. ಇವತ್ತು ಬಲಗಡೆ ಹಾಕಿದ್ದೇನೆ, ನಾಳೆ ಎಡಗಡೆ.